ನಾಲ್ಕು ತಂತಿ, ಐದು ತಂತಿ, ಆರು ತಂತಿ: ಯಾವ ಸಂಗೀತಕ್ಕೆ ಯಾವ ಬ್ಯಾಂಜೊ?

ಪ್ರಶ್ನೆ: ಕೆಲವು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ. ಈಗ ಬ್ಯಾಂಜೊ ಕಲಿಯುವ ಆಸೆ ಹುಟ್ಟಿದೆ. ಅಮೆರಿಕದ ಬ್ಲೂಗ್ರಾಸ್ ಸಂಗೀತ ಕೇಳಿದರೆ ಇದೇ ಬೇಕು ಅನ್ನಿಸುತ್ತದೆ. ಐರಿಶ್ ಕುಣಿತದ ಮಟ್ಟುಗಳನ್ನು ಕೇಳಿದರೆ ಅದೂ ಬೇಕು ಅನ್ನಿಸುತ್ತದೆ. ಕೊಳ್ಳಲು ಹೊರಟರೆ ಮಾತ್ರ ತಲೆ ಕೆಡುತ್ತದೆ. ನಾಲ್ಕು ತಂತಿಯದ್ದಿದೆ, ಐದರದ್ದಿದೆ, ಆರರದ್ದೂ ಇದೆ. ಕೆಲವಕ್ಕೆ ಹಿಂದೆ ಮುಚ್ಚಳ ಇದೆ, ಕೆಲವಕ್ಕೆ ಇಲ್ಲ. ಆರು ತಂತಿಯದ್ದನ್ನು ಗಿಟಾರ್ ಥರಾನೇ ನುಡಿಸಬಹುದಂತೆ. ಅದನ್ನೇ ತೆಗೆದುಕೊಂಡರೆ ಸಾಕಲ್ವಾ? ಒಂದೇ ಬ್ಯಾಂಜೊದಲ್ಲಿ ಎಲ್ಲವನ್ನೂ ನುಡಿಸಲು ಆಗುವುದಿಲ್ಲವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬ್ಲೂಗ್ರಾಸ್ ಮತ್ತು ಐರಿಶ್ ಎರಡೂ ಒಂದೇ ಬ್ಯಾಂಜೊದಲ್ಲಿ ಸರಿಯಾಗಿ ಬರುವುದಿಲ್ಲ. ಹಟ ಹಿಡಿದು ನುಡಿಸುವವರಿದ್ದಾರೆ. ಆದರೆ ಅವರು ಚೆನ್ನಾಗಿ ಪಳಗಿದ ಮೇಲೆ ಆ ಹಟಕ್ಕೆ ಬಿದ್ದವರು. ಇನ್ನು ಆರು ತಂತಿಯದ್ದು ನೀವು ಹೇಳಿದ ಎರಡಕ್ಕೂ ಒದಗುವುದಿಲ್ಲ. ಅದಕ್ಕೆ ಅದರದ್ದೇ ಜಾಗ ಇದೆ, ಮುಂದೆ ಹೇಳುತ್ತೇನೆ.

ಬ್ಯಾಂಜೊ ಕೊಳ್ಳಲು ಹೊರಟವರೆಲ್ಲ ಮೊದಲು ತಂತಿ ಎಣಿಸುತ್ತಾರೆ. ನಾನಾದರೆ ಮೊದಲು ಬಲಗೈ ಬಗ್ಗೆ ಕೇಳುತ್ತೇನೆ. ನಿಮ್ಮ ಬಲಗೈ ಬೆರಳುಗಳಿಂದ ಮೀಟಬೇಕೋ, ಉಗುರಿನಿಂದ ಕೆಳಕ್ಕೆ ಹೊಡೆಯಬೇಕೋ, ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿಯಬೇಕೋ? (ಎಡಚರು ಇದನ್ನು ಅದಲುಬದಲು ಮಾಡಿ ಓದಿಕೊಳ್ಳಿ.) ಅದು ತೀರ್ಮಾನವಾದರೆ ಯಾವ ಬ್ಯಾಂಜೊ ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ. ಯಾಕೆ ಅಂತ ತಿಳಿಯಲು ಈ ವಾದ್ಯದ ಸ್ವಭಾವ ಸ್ವಲ್ಪ ನೋಡಬೇಕು.

ಬ್ಯಾಂಜೊ ಅಂದರೆ ಒಂದು ಮರದ ಬಳೆ, ಅದರ ಮೇಲೆ ಬಿಗಿದ ಚರ್ಮ, ಅದಕ್ಕೆ ಸೇರಿಸಿದ ಉದ್ದನೆಯ ಕತ್ತು. ಚರ್ಮ ಅನ್ನುವುದು ಈಗ ಹೆಸರಿಗೆ ಮಾತ್ರ. 1950ರ ದಶಕದ ಕೊನೆಯಿಂದ ಬಹುಪಾಲು ಪ್ಲಾಸ್ಟಿಕ್ ಹೆಡ್ ಬಂದಿದೆ. (ಕೀಲಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗವನ್ನೂ ಬ್ಯಾಂಜೊ ಅಂತ ಕರೆಯುತ್ತಾರೆ. ಅದು ಜಪಾನಿನ ತೈಶೋಗೊತೊ ಅನ್ನುವ ವಾದ್ಯದ ಸಂತತಿ. ಅದರಲ್ಲಿ ಚರ್ಮವೇ ಇಲ್ಲ. ಇಲ್ಲಿ ಅದರ ಮಾತು ಬೇಡ.) ತಂತಿಯ ಕಂಪನ ಬ್ರಿಡ್ಜ್ (ತಂತಿಗಳನ್ನು ಹೊತ್ತು ಹೆಡ್ ಮೇಲೆ ನಿಂತ ಮರದ ತುಂಡು) ಮೂಲಕ ನೇರವಾಗಿ ಆ ಹೆಡ್‌ಗೆ ಇಳಿಯುತ್ತದೆ. ಹೆಡ್ ತೀರಾ ಹಗುರ. ಸಿಕ್ಕಿದ ಶಕ್ತಿಯನ್ನು ತಕ್ಷಣ ಗಾಳಿಗೆ ಕೊಟ್ಟುಬಿಡುತ್ತದೆ. ಹಾಗಾಗಿ ಸದ್ದು ಜೋರು, ಆದರೆ ಆಯಸ್ಸು ಕಡಿಮೆ. ಗಿಟಾರಿನ ಮರದ ಹಲಗೆ ಅದೇ ಶಕ್ತಿಯನ್ನು ನಿಧಾನವಾಗಿ ಖರ್ಚು ಮಾಡುತ್ತದೆ. ಅದಕ್ಕೇ ಗಿಟಾರಿನ ಸ್ವರ ಮೆತ್ತಗೆ, ಆದರೆ ಎಳೆದಷ್ಟು ನಿಲ್ಲುತ್ತದೆ.

ಬ್ಯಾಂಜೊ ಸ್ವರ ಹೀಗೆ ಬೇಗ ಸಾಯುವುದರಿಂದ ಮುಂದಿನ ಸ್ವರದವರೆಗಿನ ಖಾಲಿ ಜಾಗವನ್ನು ಏನಾದರೂ ಮಾಡಿ ತುಂಬಬೇಕು. ಒಬ್ಬೊಬ್ಬರು ಒಂದೊಂದು ಥರ ತುಂಬಿದರು. ಆ ತುಂಬುವ ರೀತಿಗಳೇ ಒಂದೊಂದು ಶೈಲಿಯಾದವು. ಶೈಲಿಗೆ ತಕ್ಕ ಹಾಗೆ ವಾದ್ಯವೂ ರೂಪ ಬದಲಿಸಿತು. ನಿಮಗೆ ಗೊಂದಲ ತಂದಿರುವ ನಾಲ್ಕು, ಐದು, ಆರು ತಂತಿಗಳ ಲೆಕ್ಕ ಬಂದದ್ದು ಇಲ್ಲಿಂದಲೇ.

ಮೊದಲು ಐದು ತಂತಿಯದ್ದು. ನನ್ನ ಮಟ್ಟಿಗೆ ಬ್ಯಾಂಜೊ ಅಂದರೆ ಇದೇ. ಉಳಿದವು ಇದರ ಮಕ್ಕಳು, ಮೊಮ್ಮಕ್ಕಳು. ಇದರ ವಿಶೇಷ ಐದನೇ ತಂತಿ. ಅದು ಉಳಿದ ನಾಲ್ಕರ ಹಾಗೆ ತಲೆಯಿಂದ ಹೊರಡುವುದಿಲ್ಲ. ಕತ್ತಿನ ಪಕ್ಕದಲ್ಲಿ, ಐದನೇ ಫ್ರೆಟ್ (ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿ) ಹತ್ತಿರ, ಅದಕ್ಕೆ ಬೇರೆಯೇ ಕೀಲಿ ಇರುತ್ತದೆ. ವಾದ್ಯ ಹಿಡಿದಾಗ ನಿಮ್ಮ ಮುಖಕ್ಕೆ ಹತ್ತಿರವಿರುವ ತಂತಿ ಇದು. ಗಿಟಾರಿನಲ್ಲಿ ಆ ಜಾಗದಲ್ಲಿ ಅತ್ಯಂತ ತಗ್ಗಿನ ತಂತಿ ಇರುತ್ತದೆ. ಇಲ್ಲಿ ಅತ್ಯಂತ ಎತ್ತರದ ಸ್ವರದ ತಂತಿ ಇದೆ. ಎಡಗೈ ಇದನ್ನು ಹೆಚ್ಚಾಗಿ ಮುಟ್ಟುವುದೇ ಇಲ್ಲ. ವೀಣೆಯಲ್ಲಿ ಪಕ್ಕದ ತಾಳದ ತಂತಿಗಳು ಶ್ರುತಿಯನ್ನೂ ಲಯವನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುತ್ತವಲ್ಲ, ಹೆಚ್ಚುಕಡಿಮೆ ಅದೇ ಕೆಲಸ ಇದರದ್ದು. ಹೆಬ್ಬೆರಳು ಆಗಾಗ ಅದನ್ನು ಮೀಟುತ್ತಿದ್ದರೆ ಸ್ವರಗಳ ನಡುವಿನ ಖಾಲಿ ತುಂಬುತ್ತದೆ.

ಈ ಗಿಡ್ಡ ತಂತಿಯನ್ನು ಸೇರಿಸಿದವನು ವರ್ಜೀನಿಯಾದ ಜೋಯೆಲ್ ವಾಕರ್ ಸ್ವೀನಿ ಅಂತ ಹಳೆಯ ಕತೆಯೊಂದಿದೆ. ಅದು ನಿಜವಲ್ಲ. ಸ್ವೀನಿ ಬ್ಯಾಂಜೊವನ್ನು 1830ರ ದಶಕದಲ್ಲಿ ವೇದಿಕೆಗೆ ತಂದ ಬಿಳಿಯರಲ್ಲಿ ಮೊದಲಿಗ, ಅಷ್ಟು ಸರಿ. ಆದರೆ ದಕ್ಷಿಣ ಕೆರೊಲಿನಾದಲ್ಲಿ 1780ರ ದಶಕದ ಕೊನೆಯ ಸುಮಾರಿಗೆ ಬರೆದ ಜಲವರ್ಣ ಚಿತ್ರವೊಂದಿದೆ. ಅದರಲ್ಲಿ ಗುಲಾಮಗಿರಿಯಲ್ಲಿದ್ದ ಆಫ್ರಿಕನ್ನರೊಬ್ಬರು ಸೋರೆಬುರುಡೆಯ ಬ್ಯಾಂಜೊ ನುಡಿಸುತ್ತಿದ್ದಾರೆ. ಅದಕ್ಕೆ ಆಗಲೇ ಗಿಡ್ಡ ತಂತಿ ಇದೆ. ಅದಕ್ಕಿಂತಲೂ ಹಿಂದೆ, 1687ರಲ್ಲಿ ಜಮೈಕಾಗೆ ಹೋಗಿದ್ದ ವೈದ್ಯ ಹ್ಯಾನ್ಸ್ ಸ್ಲೋನ್ ಇಂಥ ಬುರುಡೆ ವಾದ್ಯಗಳನ್ನು ಅಲ್ಲಿ ಕಂಡಿದ್ದ. 1707ರಲ್ಲಿ ಅವುಗಳ ಚಿತ್ರವನ್ನೂ ಅಚ್ಚು ಹಾಕಿಸಿದ. ಪಶ್ಚಿಮ ಆಫ್ರಿಕಾದ ಜೋಲಾ ಜನರ ಅಕೊಂಟಿಂಗ್ ಅನ್ನುವ ಮೂರು ತಂತಿಯ ವಾದ್ಯ ಈಗಲೂ ಬಳಕೆಯಲ್ಲಿದೆ. ಅದಕ್ಕೂ ಗಿಡ್ಡ ತಂತಿ ಇದೆ. ಅದನ್ನು ನುಡಿಸುವ ಕೈ ನೋಡಿದರೆ ಬ್ಯಾಂಜೊದ ಹಳೆಯ ಶೈಲಿ ಎಲ್ಲಿಂದ ಬಂತು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಆ ಹಳೆಯ ಶೈಲಿಗೆ ಕ್ಲಾಹ್ಯಾಮರ್ ಅಂತ ಹೆಸರು. ಬಲಗೈ ಬೆರಳುಗಳನ್ನು ಅರ್ಧ ಮಡಚಿ, ತೋರುಬೆರಳಿನ ಅಥವಾ ನಡುಬೆರಳಿನ ಉಗುರಿನಿಂದ ತಂತಿಯನ್ನು ಕೆಳಕ್ಕೆ ಹೊಡೆಯುತ್ತಾರೆ. ಮೇಲಕ್ಕೆ ಮೀಟುವುದು ಇಲ್ಲವೇ ಇಲ್ಲ. ಕೈ ಕೆಳಗಿಳಿದಾಗ ಹೆಬ್ಬೆರಳು ಐದನೇ ತಂತಿಯ ಮೇಲೆ ಬಂದು ಕೂರುತ್ತದೆ. ಕೈ ಮೇಲೆ ಹೋಗುವಾಗ ಆ ತಂತಿ ತಾನಾಗಿ ಮೊಳಗುತ್ತದೆ. ಬಮ್-ಡಿಟಿ, ಬಮ್-ಡಿಟಿ ಅಂತ ಒಂದು ಓಟ ಹುಟ್ಟುತ್ತದೆ. ಗಿಟಾರಿನವರಿಗೆ ಇದು ಮೊದಲ ಕೆಲವು ವಾರ ಹಿಂಸೆ. ಮೀಟಿ ಅಭ್ಯಾಸವಾದ ಬೆರಳು ತಾನಾಗಿ ಮೇಲಕ್ಕೆ ಎದ್ದುಬಿಡುತ್ತದೆ. ಆಮೇಲೆ ಒಂದು ದಿನ ಸುಮ್ನೆ ಬಂದುಬಿಡುತ್ತದೆ.

ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಓಲ್ಡ್-ಟೈಮ್ ಸಂಗೀತದಲ್ಲಿ ಕ್ಲಾಹ್ಯಾಮರ್ ಬ್ಯಾಂಜೊ ಮತ್ತು ಪಿಟೀಲು ಜೋಡಿ. ಒಂದೇ ಮಟ್ಟನ್ನು ಇಬ್ಬರೂ ಸೇರಿ ಮತ್ತೆ ಮತ್ತೆ ಸುತ್ತಿಸುತ್ತಾರೆ. ಒಬ್ಬರು ಮುಂದೆ ಬಂದು ಸೋಲೋ ಹೊಡೆಯುವ ರೂಢಿ ಇಲ್ಲ. ಇದಕ್ಕೆ ಬೇಕಾದದ್ದು ಹಿಂದೆ ಮುಚ್ಚಳ ಇಲ್ಲದ ಓಪನ್-ಬ್ಯಾಕ್ ಬ್ಯಾಂಜೊ. ಸದ್ದಿನ ಒಂದು ಪಾಲು ನುಡಿಸುವವರ ಹೊಟ್ಟೆಗೇ ಹೋಗುವುದರಿಂದ ನಾದ ದುಂಡಗೆ, ಸ್ವಲ್ಪ ಮಂದವಾಗಿ ಬರುತ್ತದೆ. ಇನ್ನೂ ಮಂದ ಬೇಕಾದರೆ ಹೆಡ್‌ನ ಹಿಂದೆ ಒಂದು ಬಟ್ಟೆ ತುರುಕುತ್ತಾರೆ. ಇದೇನೂ ಕಳ್ಳ ಉಪಾಯವಲ್ಲ, ದೊಡ್ಡ ದೊಡ್ಡವರೂ ಮಾಡುತ್ತಾರೆ. ತಂತಿ ಕತ್ತಿನಿಂದ ಸ್ವಲ್ಪ ಎತ್ತರದಲ್ಲಿದ್ದರೆ ಉಗುರಿಗೆ ಜಾಗ ಸಿಗುತ್ತದೆ. ಕೆಲವು ಓಪನ್-ಬ್ಯಾಕ್‌ಗಳಲ್ಲಿ ಹೆಡ್‌ಗೆ ಹತ್ತಿರದ ಕೊನೆಯ ಕೆಲವು ಫ್ರೆಟ್‌ಗಳನ್ನೇ ತೆಗೆದು ಆ ಜಾಗವನ್ನು ತೋಡಿರುತ್ತಾರೆ. ಕತ್ತಿನ ಮೇಲೆ ಹೊಡೆದರೆ ಸದ್ದು ಇನ್ನೂ ಮೃದು, ಅದಕ್ಕೇ ಆ ತೋಡು. ಫ್ಯಾಶನ್ನಿಗೆ ಮಾಡಿದ್ದಲ್ಲ.

ಓಲ್ಡ್-ಟೈಮ್‌ನಲ್ಲಿ ಶ್ರುತಿಗಳೂ ಜಾಸ್ತಿ. ಸಾಮಾನ್ಯವಾದದ್ದು ಓಪನ್ ಜಿ, ಅಂದರೆ ಐದನೆಯದರಿಂದ ಶುರು ಮಾಡಿ ಜಿ, ಡಿ, ಜಿ, ಬಿ, ಡಿ. ಅದರಲ್ಲಿ ಬಿ ತಂತಿಯನ್ನು ಸಿಗೆ ಏರಿಸಿದರೆ ಸಾಮಿಲ್ ಶ್ರುತಿ. ಅದು ಮೇಜರೂ ಅಲ್ಲದ, ಮೈನರೂ ಅಲ್ಲದ ಒಂದು ಬೆಟ್ಟದ ಒಂಟಿತನವನ್ನು ತರುತ್ತದೆ. ಡಬಲ್ ಸಿ ಅಂತ ಇನ್ನೊಂದಿದೆ: ಜಿ, ಸಿ, ಜಿ, ಸಿ, ಡಿ. ಒಂದೊಂದು ಗುಂಪಿನ ಮಟ್ಟುಗಳಿಗೆ ಒಂದೊಂದು ಶ್ರುತಿ. ಸಂಜೆಯಿಡೀ ಕೀಲಿ ತಿರುಗಿಸುವುದರಲ್ಲೇ ಕಳೆಯುತ್ತಾರೆ ಅಂತ ಬ್ಯಾಂಜೊದವರನ್ನು ಗೇಲಿ ಮಾಡುವುದು ಇದಕ್ಕೇ.

ಇನ್ನೂ ಹಿಂದಕ್ಕೆ ಹೋಗುವ ಮನಸ್ಸಿದ್ದರೆ ಫ್ರೆಟ್ ಇಲ್ಲದ ಬ್ಯಾಂಜೊಗಳಿವೆ. ನಿಜವಾದ ಚರ್ಮ, ಕರುಳಿನ ಅಥವಾ ನೈಲಾನ್ ತಂತಿ, ತಗ್ಗಿದ ಶ್ರುತಿ. ಸ್ವರದಿಂದ ಸ್ವರಕ್ಕೆ ಜಾರಬಹುದು. ಅಮೆರಿಕದ ಗಾಯಕಿ ರಿಯಾನನ್ ಗಿಡೆನ್ಸ್ ನುಡಿಸುವ 19ನೇ ಶತಮಾನದ ಮಾದರಿಯ ಬ್ಯಾಂಜೊ ಈ ಜಾತಿಯದ್ದು. ಕೇಳಿ ನೋಡಿ. ಬ್ಯಾಂಜೊ ಅಂದರೆ ನಗುಮುಖದ, ಕಿಣಿಕಿಣಿ ವಾದ್ಯ ಅನ್ನುವ ಕಲ್ಪನೆ ಅಲ್ಲಿಗೆ ಮುಗಿಯುತ್ತದೆ. ಆದರೆ ಮೊದಲ ಬ್ಯಾಂಜೊ ಆಗಿ ಇದನ್ನು ಕೊಳ್ಳಬೇಡಿ. ನಿಜವಾದ ಚರ್ಮ ಹವೆಯಲ್ಲಿ ತೇವ ಇದ್ದರೆ ಸಡಿಲವಾಗುತ್ತದೆ, ಒಣಗಿದರೆ ಬಿಗಿಯುತ್ತದೆ. ಕಲಿಯುವವರಿಗೆ ತಪ್ಪು ಕೈಯದೋ ಚರ್ಮದ್ದೋ ಅಂತಲೇ ಗೊತ್ತಾಗುವುದಿಲ್ಲ.

ಈಗ ನೀವು ಕೇಳಿದ ಬ್ಲೂಗ್ರಾಸ್. ಅದರ ಬ್ಯಾಂಜೊ ಶೈಲಿಯ ಬಗ್ಗೆ ಮಾತಾಡುವುದೆಂದರೆ ಅರ್ಲ್ ಸ್ಕ್ರಗ್ಸ್ ಬಗ್ಗೆ ಮಾತಾಡುವುದು. ಉತ್ತರ ಕೆರೊಲಿನಾದ ಈ ಹುಡುಗ 1945ರ ಕೊನೆಯಲ್ಲಿ ಬಿಲ್ ಮನ್ರೋ ಅವರ ಬ್ಲೂ ಗ್ರಾಸ್ ಬಾಯ್ಸ್ ತಂಡ ಸೇರಿದರು. ಮೂರು ಬೆರಳಿನಿಂದ ಮೀಟುವುದು ಅವರ ಊರಿನ ಕಡೆ ಮೊದಲೇ ಇತ್ತು. ಅದನ್ನು ಅಷ್ಟು ವೇಗವಾಗಿ, ಅಷ್ಟು ನಯವಾಗಿ, ಒಂದು ಸ್ವರವೂ ಮುಗ್ಗರಿಸದೆ ಯಾರೂ ನುಡಿಸಿರಲಿಲ್ಲ. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳು ಮತ್ತು ನಡುಬೆರಳಿಗೆ ಲೋಹದ ಪಿಕ್. ಈ ಮೂರೂ ಸರದಿಯಲ್ಲಿ ಬೇರೆ ಬೇರೆ ತಂತಿ ಮೀಟುತ್ತವೆ. ಇದಕ್ಕೆ ರೋಲ್ ಅನ್ನುತ್ತಾರೆ. ಒಂದು ಬಾರ್‌ನಲ್ಲಿ, ಅಂದರೆ ತಾಳದ ಒಂದು ಸುತ್ತಿನಲ್ಲಿ, ಎಂಟು ಸ್ವರ, ಬಿಡುವಿಲ್ಲದ ಧಾರೆ. ಹಾಡಿನ ಮಟ್ಟು ಆ ಎಂಟರಲ್ಲಿ ಎರಡೋ ಮೂರೋ ಸ್ವರದಲ್ಲಿರುತ್ತದೆ. ಉಳಿದದ್ದೆಲ್ಲ ತುಂಬು. ಕೇಳುವವರ ಕಿವಿ ಮಾತ್ರ ಮಟ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ.

ಇಲ್ಲಿ ಒಂದು ಚಮತ್ಕಾರ ಇದೆ. ಎಂಟು ಸ್ವರಗಳನ್ನು ಮೂರು ಮೂರರ ಗುಂಪಾಗಿ ಮೀಟಿದರೆ 3, 3, 2 ಅಂತ ಒಡೆಯುತ್ತದೆ. ತಾಳ ನೇರವಾಗಿ ನಡೆಯುತ್ತಿರುವಾಗ ಬ್ಯಾಂಜೊ ಅದರ ಮೇಲೆ ಓರೆಯಾಗಿ ಹಾಯುತ್ತದೆ. ಬ್ಲೂಗ್ರಾಸ್ ಕೇಳುವಾಗ ಮುಂದಕ್ಕೆ ತಳ್ಳಿದ ಹಾಗೆ ಅನ್ನಿಸುತ್ತದಲ್ಲ, ಅದರ ಗುಟ್ಟಿನಲ್ಲಿ ಇದೊಂದು ದೊಡ್ಡ ಪಾಲು.

ಈ ಕೈಗೆ ಓಪನ್-ಬ್ಯಾಕ್ ಸಾಲದು. ಪಿಟೀಲು, ಮ್ಯಾಂಡೊಲಿನ್, ಗಿಟಾರ್, ಡಬಲ್ ಬಾಸ್ ಎಲ್ಲ ಸೇರಿ ನುಡಿಯುವಾಗ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಮುಂದೆ ಹೋಗಬೇಕು. ಅದಕ್ಕೆ ಹಿಂದೆ ಮರದ ಮುಚ್ಚಳ, ಅಂದರೆ ರೆಸೊನೇಟರ್. ಅದು ಹಿಂದಕ್ಕೆ ಹೋಗುವ ಸದ್ದನ್ನು ಮುಂದಕ್ಕೆ ತಿರುಗಿಸುತ್ತದೆ. ಮರದ ಬಳೆಯ ಮೇಲೆ, ಹೆಡ್‌ನ ಅಡಿಯಲ್ಲಿ ಟೋನ್ ರಿಂಗ್ ಅನ್ನುವ ದಪ್ಪ ಲೋಹದ ಉಂಗುರ ಇರುತ್ತದೆ. ಅದರಿಂದ ಸ್ವರಕ್ಕೆ ಅಂಚು ಬರುತ್ತದೆ, ಆಯಸ್ಸೂ ಸ್ವಲ್ಪ ಹೆಚ್ಚುತ್ತದೆ. ತೂಕವೂ ಬರುತ್ತದೆ. ಒಳ್ಳೆಯ ಬ್ಲೂಗ್ರಾಸ್ ಬ್ಯಾಂಜೊ ಐದು ಕಿಲೊ ಆಸುಪಾಸು ತೂಗುತ್ತದೆ. ಓಪನ್-ಬ್ಯಾಕ್ ಅದರ ಅರ್ಧ ಇರಬಹುದು. ನಿಂತು ನುಡಿಸುವ ಯೋಚನೆ ಇದ್ದರೆ ಅಗಲವಾದ ಪಟ್ಟಿಯನ್ನು ಮೊದಲೇ ಹುಡುಕಿಕೊಳ್ಳಿ. 1930ರ ದಶಕದ ಗಿಬ್ಸನ್ ಮಾಸ್ಟರ್‌ಟೋನ್ ಫ್ಲ್ಯಾಟ್‌ಹೆಡ್‌ಗಳನ್ನು ಬ್ಲೂಗ್ರಾಸ್ ಜನ ದೇವರ ಹಾಗೆ ಪೂಜಿಸುತ್ತಾರೆ. ಇವತ್ತಿನ ಬಹಳಷ್ಟು ಬ್ಯಾಂಜೊಗಳು ಆ ವಿನ್ಯಾಸದ ನಕಲುಗಳೇ.

ಸ್ಕ್ರಗ್ಸ್ ಆದ ಮೇಲೆ ಶೈಲಿ ನಿಂತ ನೀರಾಗಲಿಲ್ಲ. 1960ರ ದಶಕದ ಮೊದಲಲ್ಲಿ ಬಿಲ್ ಕೀತ್ ಪಿಟೀಲಿನ ಮಟ್ಟುಗಳನ್ನು ಒಂದೂ ಸ್ವರ ಬಿಡದೆ ನುಡಿಸುವ ಮೆಲೊಡಿಕ್ ಶೈಲಿಯನ್ನು ಬೆಳೆಸಿದರು. ಡಾನ್ ರೀನೊ ಗಿಟಾರಿನವರ ಹಾಗೆ ಒಂದೇ ತಂತಿಯ ಮೇಲೆ ಓಡುವ ದಾರಿ ಹಿಡಿದರು. ಬೇಲಾ ಫ್ಲೆಕ್ ಈ ಎಲ್ಲವನ್ನೂ ಸೇರಿಸಿಕೊಂಡು ಜಾಝ್‌ಗೂ ಶಾಸ್ತ್ರೀಯ ಸಂಗೀತಕ್ಕೂ ಹೋದರು. ಎಲ್ಲರದ್ದೂ ಐದು ತಂತಿಯೇ, ಮೂರು ಬೆರಳೇ.

ರೆಸೊನೇಟರ್ ಬಿಚ್ಚಿದರೆ ಓಪನ್-ಬ್ಯಾಕ್ ಆಗುವುದಿಲ್ಲವೇ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಚ್ಚಬಹುದು, ಸಾಮಾನ್ಯವಾಗಿ ನಾಲ್ಕು ಸ್ಕ್ರೂ ಅಷ್ಟೇ. ಮನೆಯಲ್ಲಿ ಅಭ್ಯಾಸಕ್ಕೆ ಒಳ್ಳೆಯ ಉಪಾಯ. ಕ್ಲಾಹ್ಯಾಮರನ್ನೂ ಅದರಲ್ಲಿ ಕಲಿಯಬಹುದು. ಆದರೆ ಟೋನ್ ರಿಂಗ್, ಬಿಗಿದ ಹೆಡ್, ಕತ್ತಿಗೆ ಹತ್ತಿರವಿರುವ ತಂತಿ ಎಲ್ಲ ಹಾಗೇ ಇರುತ್ತವೆ. ನಾದ ಪೂರ್ತಿ ಬದಲಾಗುವುದಿಲ್ಲ.

ಐದು ತಂತಿಯ ಇನ್ನೊಂದು ಕವಲು ಲಾಂಗ್ ನೆಕ್. ಪೀಟ್ ಸೀಗರ್ ತಮ್ಮ ದನಿಗೆ ತಗ್ಗಿನ ಶ್ರುತಿ ಬೇಕಾಗಿ ಕತ್ತಿಗೆ ಮೂರು ಫ್ರೆಟ್ ಸೇರಿಸಿಕೊಂಡರು. 22 ಇದ್ದದ್ದು 25 ಆಯಿತು. ಜಿ ಬದಲು ಇಗೆ ಇಳಿಯಬಹುದು. ಮೂರನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಮಾಮೂಲಿ ಬ್ಯಾಂಜೊ. 1950 ಮತ್ತು 60ರ ದಶಕದ ಜನಪದ ಹಾಡುಗಳ ಅಲೆಯಲ್ಲಿ ಇದು ತುಂಬಾ ಓಡಿತು. ಹಾಡುತ್ತಾ ನುಡಿಸುವವರಿಗೆ ಒಗ್ಗುತ್ತದೆ. ನಿಮಗೆ ಬೇಕಿಲ್ಲ.

ನಾಲ್ಕು ತಂತಿಯ ಕತೆಯೇ ಬೇರೆ. ಇಲ್ಲಿ ಗಿಡ್ಡ ತಂತಿ ಇಲ್ಲ, ಕೈಯಲ್ಲಿ ಒಂದೇ ಪಿಕ್. ಇದರಲ್ಲಿ ಎರಡು ಬಗೆ, ಪ್ಲೆಕ್ಟ್ರಮ್ ಮತ್ತು ಟೆನರ್. ಪ್ಲೆಕ್ಟ್ರಮ್ ಅಂದರೆ ಐದು ತಂತಿಯ ಬ್ಯಾಂಜೊದಿಂದ ಐದನೆಯದನ್ನು ತೆಗೆದುಹಾಕಿದ ಹಾಗೆ. ಅದೇ ಉದ್ದ, 22 ಫ್ರೆಟ್, ಸಿ, ಜಿ, ಬಿ, ಡಿ ಶ್ರುತಿ. ಎಡ್ಡಿ ಪೀಬಾಡಿ ಅಂಥವರು ಇದರಲ್ಲಿ ವೇದಿಕೆಯ ಸೋಲೋ ಬ್ಯಾಂಜೊವನ್ನು ಬೆಳೆಸಿದರು. ಡಿಕ್ಸಿಲ್ಯಾಂಡ್ ಅನ್ನುವ ಹಳೆಯ ಶೈಲಿಯ ಜಾಝ್ ತಂಡಗಳಲ್ಲಿ ಈಗಲೂ ಸಿಗುತ್ತದೆ. ಬೇರೆ ಕಡೆ ಅಪರೂಪ.

ಟೆನರ್ ಗಿಡ್ಡ ಕತ್ತಿನದು. 17 ಅಥವಾ 19 ಫ್ರೆಟ್. ಶ್ರುತಿ ಸಿ, ಜಿ, ಡಿ, ಎ, ಅಂದರೆ ವಯೋಲಾದ್ದೇ. ಒಂದು ತಂತಿಗೂ ಇನ್ನೊಂದಕ್ಕೂ ಐದು ಸ್ವರದ ಅಂತರ. 20ನೇ ಶತಮಾನದ ಮೊದಲಲ್ಲಿ ಮ್ಯಾಂಡೊಲಿನ್, ಪಿಟೀಲು ನುಡಿಸುತ್ತಿದ್ದವರು ಕುಣಿತದ ತಂಡಗಳಿಗೆ ಬಂದಾಗ ಅವರ ಎಡಗೈಗೆ ಹೊಂದುವ ಜೋರು ವಾದ್ಯ ಬೇಕಿತ್ತು. 1910ರ ಸುಮಾರಿಗೆ ಟೆನರ್ ಹುಟ್ಟಿದ್ದು ಹಾಗೆ. 1920ರ ದಶಕದ ಜಾಝ್‌ನಲ್ಲಿ ಲಯ ಹಿಡಿಯುತ್ತಿದ್ದದ್ದು ಇದೇ. ಟ್ರಂಪೆಟ್, ಟ್ರೊಂಬೋನ್‌ಗಳ ಮಧ್ಯೆ ಮೈಕ್ ಇಲ್ಲದೆ ಗಿಟಾರ್ ಕೇಳುತ್ತಿರಲಿಲ್ಲ. ಬ್ಯಾಂಜೊ ಕೇಳುತ್ತಿತ್ತು. ಒಂದು ಬಾರ್‌ಗೆ ನಾಲ್ಕು ಗಟ್ಟಿ ಹೊಡೆತ, ಪ್ರತಿ ಹೊಡೆತವೂ ಕತ್ತರಿಸಿದ ಹಾಗೆ. ಬೇಗ ಸಾಯುವ ಸ್ವರ ಇಲ್ಲಿ ದೋಷವಲ್ಲ, ಅದೇ ಬೇಕಿತ್ತು. ನಿಧಾನದ ಹಾಡಿನಲ್ಲಿ ಸ್ವರ ನಿಲ್ಲಿಸಬೇಕಾದರೆ ಪಿಕ್ಕನ್ನು ವೇಗವಾಗಿ ಮೇಲೆ ಕೆಳಗೆ ಆಡಿಸಿ ಟ್ರೆಮೊಲೊ ಮಾಡುತ್ತಿದ್ದರು. 1925ರಲ್ಲಿ ಮೈಕ್ ಬಳಸಿ ಧ್ವನಿಮುದ್ರಣ ಶುರುವಾಯಿತು. ಗಿಟಾರ್ ಕೇಳತೊಡಗಿತು. 1930ರ ದಶಕ ಬರುವಷ್ಟರಲ್ಲಿ ಬಹುತೇಕ ತಂಡಗಳಲ್ಲಿ ಬ್ಯಾಂಜೊ ಜಾಗಕ್ಕೆ ಗಿಟಾರ್ ಬಂದು ಕೂತಿತ್ತು.

ಹಾಗೆ ಮೂಲೆ ಸೇರಿದ ಟೆನರ್‌ಗೆ ಮರುಜೀವ ಕೊಟ್ಟದ್ದು ಐರ್ಲೆಂಡ್. ಅಲ್ಲಿ ಅದು ಮೊದಲೇ ಇತ್ತು. ಆದರೆ 1962ರಲ್ಲಿ ಶುರುವಾದ ದಿ ಡಬ್ಲಿನರ್ಸ್ ತಂಡದ ಬಾರ್ನಿ ಮೆಕೆನ್ನಾ ಜಿ, ಡಿ, ಎ, ಇ ಶ್ರುತಿಯನ್ನು ಮನೆಮಾತಾಗಿಸಿದರು. ಇದು ಪಿಟೀಲಿನ ಶ್ರುತಿಯೇ, ಒಂದು ಸ್ಥಾಯಿ ಕೆಳಗೆ. ಪಿಟೀಲಿನವರು ಎಲ್ಲಿ ಬೆರಳಿಡುತ್ತಾರೋ ಬ್ಯಾಂಜೊದವರೂ ಅದೇ ಸ್ವರಕ್ಕೆ ಅದೇ ತಂತಿಯಲ್ಲಿ ಬೆರಳಿಡಬಹುದು. ರೀಲ್, ಜಿಗ್, ಹಾರ್ನ್‌ಪೈಪ್ ಎಲ್ಲ ನೇರವಾಗಿ ಕೈಗೆ ಬರುತ್ತವೆ. ಖಾಲಿ ತುಂಬುವುದಕ್ಕೆ ಇಲ್ಲಿ ಇನ್ನೊಂದು ಉಪಾಯ: ಟ್ರಿಪ್ಲೆಟ್. ಒಂದು ಸ್ವರದ ಜಾಗದಲ್ಲಿ ಪಿಕ್ ಕೆಳಗೆ-ಮೇಲೆ-ಕೆಳಗೆ ಮೂರು ಬಾರಿ ಗುಡುಗುಟ್ಟುತ್ತದೆ. ಗೆರಿ ಒ'ಕಾನರ್ ನುಡಿಸುವುದನ್ನು ಕೇಳಿದರೆ ಮಣಿಕಟ್ಟು ಎಷ್ಟು ಸಡಿಲ ಇರಬೇಕು ಅಂತ ಗೊತ್ತಾಗುತ್ತದೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವುದು ಐರಿಶ್ ಬ್ಯಾಂಜೊದಲ್ಲಿ ಕಡಿಮೆ. ಮಟ್ಟೇ ಮುಖ್ಯ.

ಇಲ್ಲೊಂದು ಎಚ್ಚರಿಕೆ. ಅಂಗಡಿಯಿಂದ ಬರುವ ಟೆನರ್‌ಗೆ ಹೆಚ್ಚಾಗಿ ಸಿ, ಜಿ, ಡಿ, ಎ ತಂತಿಗಳಿರುತ್ತವೆ. ಅವನ್ನೇ ಸಡಿಲಿಸಿ ಐರಿಶ್ ಶ್ರುತಿಗೆ ಇಳಿಸಿದರೆ ತಂತಿ ಜೋತುಬಿದ್ದು ಬಡಬಡ ಅನ್ನುತ್ತದೆ. ದಪ್ಪ ತಂತಿಗಳ ಸೆಟ್ಟು ಬೇರೆಯೇ ಬರುತ್ತದೆ, ಅದನ್ನು ಹಾಕಿಸಿ. ದಪ್ಪ ತಂತಿ ಕೂರಲು ನಟ್‌ನ (ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿಯ) ಕಚ್ಚುಗಳನ್ನು ಸ್ವಲ್ಪ ಅರ ಹಾಕಿ ಅಗಲ ಮಾಡಬೇಕಾಗಬಹುದು. 17 ಫ್ರೆಟ್ಟೋ 19ರದ್ದೋ ಅನ್ನುವ ಚರ್ಚೆಗೆ ಕೊನೆಯಿಲ್ಲ. 17ರಲ್ಲಿ ಬೆರಳು ಕಡಿಮೆ ಚಾಚಬೇಕು. 19ರಲ್ಲಿ ತಗ್ಗಿನ ತಂತಿ ಬಿಗಿಯಾಗಿ, ತುಂಬಿಕೊಂಡು ಕೇಳುತ್ತದೆ. ಗಿಟಾರಿನ ಉದ್ದನೆಯ ಫ್ರೆಟ್‌ಗಳಿಗೆ ಅಭ್ಯಾಸವಾದ ನಿಮ್ಮ ಕೈಗೆ 19 ಭಾರ ಅನ್ನಿಸದು.

ಆರು ತಂತಿಯದ್ದಕ್ಕೆ ಬರೋಣ. ಅದು ಬ್ಯಾಂಜೊ ಮೈಗೆ ಗಿಟಾರಿನ ಕತ್ತು. ಶ್ರುತಿಯೂ ಗಿಟಾರಿನದ್ದೇ. ಇದನ್ನು ಕಂಡರೆ ಮೂಗು ಮುರಿಯುವವರು ಬಹಳ. ಆ ಕೊಂಕು ನನಗೆ ಒಪ್ಪಿಗೆಯಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ ತಂಡದ ಮೊದಲ ಧ್ವನಿಮುದ್ರಣಗಳಲ್ಲಿ ಜಾನಿ ಸೇಂಟ್ ಸಿರ್ ಆರು ತಂತಿಯ ಬ್ಯಾಂಜೊ ನುಡಿಸಿದ್ದಾರೆ. ಪಾಪಾ ಚಾರ್ಲಿ ಜಾಕ್ಸನ್ 1924ರಿಂದ ಇದರ ಮೇಲೇ ಬ್ಲೂಸ್ ಹಾಡಿ ದಾಖಲಿಸಿದರು. ಹಳೆಯ ಜಾಝ್ ಲಯಕ್ಕೆ, ಬ್ಲೂಸ್‌ಗೆ, ತಂಡದ ಗಿಟಾರಿಸ್ಟ್ ಒಂದೆರಡು ಹಾಡಿಗೆ ಬಣ್ಣ ಬದಲಿಸಲು ಇದು ಸರಿಯಾದ ವಾದ್ಯ.

ತೊಂದರೆ ಎಲ್ಲಿ ಅಂದರೆ, ಗಿಟಾರ್ ಕಾರ್ಡ್ ಹಿಡಿದು ಆರೂ ತಂತಿ ಬಾರಿಸಿದರೆ ಗದ್ದಲ ಆಗುತ್ತದೆ. ತಗ್ಗಿನ ತಂತಿಗಳು ಚರ್ಮದ ಮೇಲೆ ಗುಮ್ಮೆನ್ನುತ್ತವೆ, ಮೇಲಿನವು ಚೀರುತ್ತವೆ. ಮೇಲಿನ ಮೂರ್ನಾಲ್ಕು ತಂತಿಗಳಲ್ಲಿ ತೆಳುವಾದ ಕಾರ್ಡ್ ಹಿಡಿದರೆ ಚೆನ್ನ. ಇನ್ನು ಬ್ಲೂಗ್ರಾಸ್ ರೋಲ್ ಇದರಲ್ಲಿ ಬರುವುದಿಲ್ಲ. ಹೆಬ್ಬೆರಳಿನ ಬಳಿ ಎತ್ತರದ ಸ್ವರ ಇರಬೇಕಾದ ಕಡೆ ತಗ್ಗಿನ ಇ ಇರುತ್ತದೆ. ಅದೊಂದಿಲ್ಲದಿದ್ದರೆ ಸ್ಕ್ರಗ್ಸ್ ಶೈಲಿಯೇ ಇಲ್ಲ. ಐರಿಶ್ ಮಟ್ಟುಗಳನ್ನು ಹೇಗೋ ನುಡಿಸಬಹುದು, ಆದರೆ ಪಿಟೀಲಿನ ಬೆರಳು ಲೆಕ್ಕ ಸಿಗುವುದಿಲ್ಲ.

ಚಿಕ್ಕಪುಟ್ಟವು ಇನ್ನೂ ಹಲವು ಇವೆ. ಬ್ಯಾಂಜೊ ಯುಕುಲೆಲೆಯನ್ನು ಇಂಗ್ಲೆಂಡಿನ ಜಾರ್ಜ್ ಫಾರ್ಂಬಿ ನಗೆಹಾಡುಗಳ ಮೂಲಕ ಪ್ರಸಿದ್ಧ ಮಾಡಿದರು. ಯುಕುಲೆಲೆ ಬಂದರೆ ಇದೂ ಬಂದ ಹಾಗೆ. ಮ್ಯಾಂಡೊಲಿನ್ ಬ್ಯಾಂಜೊದಲ್ಲಿ ಜೋಡಿ ಜೋಡಿಯಾಗಿ ಎಂಟು ತಂತಿ. ಒಂದನ್ನು ಬಿಗಿದರೆ ಹೆಡ್ ಅಲುಗಿ ಉಳಿದವುಗಳ ಶ್ರುತಿ ತಪ್ಪುತ್ತದೆ. ಸದ್ದು ಕಿವಿಗೆ ಚುಚ್ಚುತ್ತದೆ. ಉಚಿತವಾಗಿ ಕೊಟ್ಟರೂ ಯೋಚಿಸಿ. ಚೆಲ್ಲೊ ಬ್ಯಾಂಜೊ ಟೆನರ್‌ಗಿಂತ ಒಂದು ಸ್ಥಾಯಿ ಕೆಳಗೆ ಗಂಭೀರವಾಗಿ ಮಾತಾಡುತ್ತದೆ. ಬ್ರಿಟನ್ನಿನಲ್ಲಿ 19ನೇ ಶತಮಾನದ ಕೊನೆಗೆ ಝಿತರ್ ಬ್ಯಾಂಜೊ ಅಂತ ಬಂತು. ಅದರಲ್ಲಿ ಐದನೇ ತಂತಿ ಕತ್ತಿನೊಳಗೆ ಸುರಂಗದಲ್ಲಿ ಹಾದು ತಲೆಯ ಕಡೆಗೆ ಹೋಗುತ್ತದೆ. ಅದೇ ಕಾಲದಲ್ಲಿ ವೆಸ್ ಆಸ್‌ಮನ್, ಫ್ರೆಡ್ ವ್ಯಾನ್ ಈಪ್ಸ್ ಅಂಥವರು ಮಾಮೂಲಿ ಐದು ತಂತಿಗೆ ಕರುಳಿನ ತಂತಿ ಹಾಕಿ, ಬರಿಬೆರಳಿನಿಂದ ರ‍್ಯಾಗ್‌ಟೈಮ್ ನುಡಿಸಿದರು. ಅದಕ್ಕೆ ಕ್ಲಾಸಿಕ್ ಬ್ಯಾಂಜೊ ಅನ್ನುತ್ತಾರೆ. ಈಗ ನುಡಿಸುವವರು ಕಡಿಮೆ. ಗಿಟಾರಿನಲ್ಲಿ ನೈಲಾನ್ ತಂತಿ ಬೆರಳಾಟ ಇಷ್ಟಪಡುವವರು ಒಮ್ಮೆ ಕೇಳಬೇಕಾದ ಸಂಗೀತ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಗಿಟಾರಿನಲ್ಲಿ ನಿಮ್ಮ ಕೈ ಬೆರಳಿನದ್ದೋ ಪಿಕ್ಕಿನದ್ದೋ ಅಂತ ನೀವು ಬರೆದಿಲ್ಲ. ಉತ್ತರ ನಿಂತಿರುವುದು ಅದರ ಮೇಲೆ. ಬೆರಳಾಟ ರೂಢಿ ಇದ್ದರೆ ಐದು ತಂತಿ, ರೆಸೊನೇಟರ್ ಇರುವುದು. ಎಡಗೈಗೂ ಅಲ್ಲಿ ಲಾಭ ಇದೆ. ಗಿಟಾರಿನ ಮೇಲಿನ ನಾಲ್ಕು ತಂತಿ ಡಿ, ಜಿ, ಬಿ, ಇ. ಬ್ಯಾಂಜೊದ್ದು ಡಿ, ಜಿ, ಬಿ, ಡಿ. ಒಂದು ತಂತಿ ಮಾತ್ರ ಬೇರೆ. ದುಡ್ಡು ಖರ್ಚು ಮಾಡುವ ಮೊದಲು ನಿಮ್ಮ ಗಿಟಾರಿನ ಮೊದಲ ತಂತಿಯನ್ನು ಡಿಗೆ ಇಳಿಸಿ ಒಂದು ವಾರ ಆಡಿ ನೋಡಿ. ಐದನೇ ತಂತಿಯ ಮಜಾ ಸಿಗುವುದಿಲ್ಲ, ಆದರೆ ಎಡಗೈಯ ಆಕಾರಗಳು ಹೇಗಿರುತ್ತವೆ ಅಂತ ಗೊತ್ತಾಗುತ್ತದೆ.

ಪಿಕ್ಕೇ ನಿಮ್ಮ ಕೈ ಆಗಿದ್ದರೆ, ಒಂದೊಂದು ಸ್ವರವನ್ನೂ ಹೆಕ್ಕಿ ಮಟ್ಟು ನುಡಿಸುವುದು ಇಷ್ಟವಾದರೆ, 19 ಫ್ರೆಟ್ಟಿನ ಟೆನರ್, ಜಿ, ಡಿ, ಎ, ಇ ಶ್ರುತಿ. ಬಲಗೈ ಬೇಗ ಹೊಂದಿಕೊಳ್ಳುತ್ತದೆ. ಎಡಗೈ ಮಾತ್ರ ಮೊದಲಿನಿಂದ ಕಲಿಯಬೇಕು. ಗಿಟಾರಿನ ಕಾರ್ಡ್ ಆಕಾರಗಳು ಇಲ್ಲಿ ಒಂದೂ ನಡೆಯುವುದಿಲ್ಲ. ಗಿಟಾರಿನ ಆಕಾರವೇ ಬೇಕು ಅನ್ನುವವರು ಟೆನರನ್ನು ಡಿ, ಜಿ, ಬಿ, ಇಗೆ ಶ್ರುತಿ ಮಾಡುವುದೂ ಉಂಟು. ಅದಕ್ಕೆ ಶಿಕಾಗೊ ಶ್ರುತಿ ಅಂತ ಹೆಸರಿದೆ. ಜಾಝ್ ಕಾರ್ಡ್‌ಗೆ ನಡೆಯುತ್ತದೆ. ಐರಿಶ್ ಕಲಿಯಲು ಈ ಅಡ್ಡದಾರಿ ಬೇಡ.

ಎರಡೂ ಕೈ ನಿಮ್ಮದಾಗಿದ್ದರೆ ನಾನು ಐದು ತಂತಿಯ ಕಡೆಗೇ ವಾಲುತ್ತೇನೆ. ಅದೊಂದರಲ್ಲೇ ಬ್ಲೂಗ್ರಾಸ್, ಕ್ಲಾಹ್ಯಾಮರ್, ಹಾಡಿಗೆ ಹಿಮ್ಮೇಳ ಮೂರೂ ಕೈಗೆಟಕುತ್ತವೆ. ಐರಿಶ್ ಮಟ್ಟುಗಳನ್ನೂ ಮೆಲೊಡಿಕ್ ಶೈಲಿಯಲ್ಲಿ ಮುಂದೊಂದು ದಿನ ಪ್ರಯತ್ನಿಸಬಹುದು, ಟ್ರಿಪ್ಲೆಟ್ಟಿನ ಗುಡುಗು ಇಲ್ಲದಿದ್ದರೂ.

ಯಾವುದನ್ನೇ ಕೊಂಡರೂ ಮನೆಗೆ ತರುವ ಮೊದಲು ಎರಡು ವಿಷಯ ನೋಡಿ. ಬ್ಯಾಂಜೊ ಬ್ರಿಡ್ಜ್ ಅಂಟಿಸಿದ್ದಲ್ಲ, ತಂತಿಯ ಒತ್ತಡದಿಂದ ನಿಂತದ್ದು. ಸರಿದಿದ್ದರೆ ಎಷ್ಟು ಶ್ರುತಿ ಮಾಡಿದರೂ ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಬರುತ್ತದೆ. 12ನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಸವರಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಇರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನು ಕತ್ತಿನಿಂದ ಸ್ವಲ್ಪ ದೂರ ಸರಿಸಿ, ಇಳಿದಿದ್ದರೆ ಹತ್ತಿರ ತನ್ನಿ. ಇನ್ನೊಂದು, ಐದು ತಂತಿಯದ್ದಾದರೆ ಐದನೇ ಕೀಲಿಯಲ್ಲಿ ಗೇರ್ ಇದೆಯೇ ನೋಡಿ. ಅಗ್ಗದವುಗಳಲ್ಲಿ ಬರೀ ಬಿಗಿತದ ಮೇಲೆ ನಿಲ್ಲುವ ಕೀಲಿ ಇರುತ್ತದೆ, ಹಾಡಿನ ಮಧ್ಯೆ ಜಾರುತ್ತದೆ. ಗೇರ್ ಕೀಲಿ ಬಿಡಿಯಾಗಿ ಸಿಗುತ್ತದೆ, ಹಾಕಿಸಿಕೊಳ್ಳಬಹುದು. ಹಾಕಿಸುವಾಗ ಜೊತೆಗೇ 7, 9, 10ನೇ ಫ್ರೆಟ್ ಬಳಿ ಪುಟ್ಟ ಕೊಕ್ಕೆ ಮೊಳೆಗಳನ್ನೂ ಹೊಡೆಸಿಕೊಳ್ಳಿ. ಆಟಿಕೆ ರೈಲಿನ ಹಳಿಗೆ ಬಳಸುವ ಮೊಳೆಗಳವು. ಕೇಪೊ ಹಾಕಿದಾಗ ಐದನೇ ತಂತಿಯನ್ನು ಅವುಗಳ ಕೆಳಗೆ ಸಿಕ್ಕಿಸಿದರೆ ಅದೂ ಅಷ್ಟೇ ಏರುತ್ತದೆ.